ನಿಮಗಿದು ಗೊತ್ತೇ? ಹತ್ತಿ ಊರು ಬಿಟ್ಟಿತು, ಕಬ್ಬು ಉಳಿಯಿತು

ಬೆಳಗಾವಿ ಜಿಲ್ಲೆಯ ನೇಸರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಒಂದೆರಡು ತಾಸಿನೊಳಗೆ ಒಂದು ಗಿರಣಿಯೋ ಮಗ್ಗವೋ ಸಕ್ಕರೆ ಕಾರ್ಖಾನೆಯೋ ಸಿಗುತ್ತದೆ. ಹೆಚ್ಚಿನವೆಲ್ಲ ಹೊಲದ ಬೆಳೆಯನ್ನೇ ನಂಬಿದವು.

● ಬೈಲಹೊಂಗಲ ಹತ್ತಿ ಪೇಟೆಗೆ ಹೆಸರಾದ ಊರು. ಜಿನ್ನಿಂಗ್ ಗಿರಣಿಗೆ ಒಂದು ಕ್ವಿಂಟಲ್ ಹತ್ತಿ ಹಾಕಿದರೆ ಕೈಗೆ ಬರುವ ಅರಳೆ ಸುಮಾರು 33ರಿಂದ 35 ಕಿಲೊ. ಉಳಿದದ್ದು ಹತ್ತಿಕಾಳು, ಎಣ್ಣೆ ತೆಗೆದ ಮೇಲೆ ಅದೇ ಎಮ್ಮೆಗೆ ಹಿಂಡಿ. ಅರಳೆಯನ್ನು ಒತ್ತಿ ಕಟ್ಟಿದ ಒಂದು ಬೇಲಿನ ತೂಕ 170 ಕಿಲೊ. ಬೇಲು ಕೆಡುವ ವಸ್ತುವಲ್ಲ, ಲಾರಿ ಹತ್ತಿ ಎಷ್ಟು ದೂರವಾದರೂ ಹೋಗುತ್ತದೆ. ನೂಲು ತೆಗೆಯುವ, ಬಟ್ಟೆ ನೇಯುವ, ಅಂಗಿ ಹೊಲಿಯುವ ಕೂಲಿ ಮತ್ತು ಲಾಭವೂ ಅದರ ಬೆನ್ನಿಗೇ ಹೋಗುತ್ತವೆ. ಈ ಭಾಗಕ್ಕೆ ಆಗಿರುವ ದೊಡ್ಡ ನಷ್ಟ ಇದೇ ಎಂದು ನನ್ನ ಎಣಿಕೆ.

● ಕಬ್ಬು ಹಾಗಲ್ಲ. ಕಡಿದ ಕಬ್ಬನ್ನು ಬೇಗ ನುರಿಸದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ಕಾರ್ಖಾನೆಯೇ ಹೊಲದ ಹತ್ತಿರ ಬರಬೇಕಾಯಿತು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ, ಬೈಲಹೊಂಗಲದ ಸೋಮೇಶ್ವರ ಕಾರ್ಖಾನೆಗಳು ಸಹಕಾರಿ ತತ್ವದವು. ಸವದತ್ತಿ ಸೀಮೆಯ ಮುನವಳ್ಳಿಯ ರೇಣುಕಾ ಶುಗರ್ಸ್ ಖಾಸಗಿಯದು. 1990ರ ದಶಕದ ಕೊನೆಗೆ ಆಂಧ್ರದ ನಿಜಾಂ ಶುಗರ್ಸ್‌ನ ಒಂದು ಘಟಕವನ್ನು ಕೊಂಡು, ಅದರ ಯಂತ್ರಗಳನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದರು!

● ನೂರು ಟನ್ ಕಬ್ಬಿನಿಂದ ಸಿಗುವ ಸಕ್ಕರೆ ಹತ್ತು ಟನ್ನಿನ ಆಸುಪಾಸು. ಸುಮಾರು ಮೂವತ್ತು ಟನ್ ಸಿಪ್ಪೆ ಬಾಯ್ಲರಿಗೆ ಹೋಗಿ ಹಬೆ, ವಿದ್ಯುತ್ತು ಆಗುತ್ತದೆ. ನಾಲ್ಕೈದು ಟನ್ ಕಾಕಂಬಿ ಎಥೆನಾಲ್ ಆಗುತ್ತದೆ.

● ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಬಿಲ್ಲು ಪಾವತಿಸಬೇಕು, ತಡವಾದರೆ ಶೇ 15 ಬಡ್ಡಿ ಕೊಡಬೇಕು. ಇದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆದರೂ ಬಾಕಿ ಬಿಲ್ಲಿಗಾಗಿ ರೈತರು ಧರಣಿ ಕೂರುವುದು ತಪ್ಪಿಲ್ಲ. 2025–26ಕ್ಕೆ ಕೇಂದ್ರ ನಿಗದಿ ಮಾಡಿದ ದರ ಕ್ವಿಂಟಲಿಗೆ 355 ರೂ., ಅದೂ ಸಕ್ಕರೆ ಇಳುವರಿ ಶೇ 10.25 ಇದ್ದರೆ. ಕಟಾವು, ಸಾಗಣೆ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತಾರೆ. ಜಗಳ ಹುಟ್ಟುವುದೇ ಅಲ್ಲಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಆ ಖರ್ಚು ಬಿಟ್ಟು ಟನ್ನಿಗೆ 3,500 ರೂ. ಕೇಳಿ ಹಗಲು ರಾತ್ರಿ ಕೂತರು. ಸರ್ಕಾರ 3,300ಕ್ಕೆ ತೀರ್ಮಾನಿಸಿತು.

● ಹಂಗಾಮು ಮುಗಿದರೆ ಗಾಣ ನಿಲ್ಲುತ್ತದೆ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ನುರಿಸುವ ಕೆಲಸವೇ ಇರುವುದಿಲ್ಲ.

● ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 1880ರ ದಶಕದ್ದು. ಘಟಪ್ರಭೆ ಧುಮುಕುವ ಬಲದಿಂದಲೇ ಯಂತ್ರ ತಿರುಗಿಸಲೆಂದು ಆ ಜಾಗ ಆರಿಸಿಕೊಂಡರು.

● 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ನೇಸರಗಿಗೆ ಹತ್ತಿರದ ಹುದಲಿಗೆ ಬಂದಿದ್ದರು, ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ. ಅದು ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ್ ದೇಶಪಾಂಡೆಯವರ ಊರು. ಖಾದಿ ಸಂಘ ಇವತ್ತಿಗೂ ಅಲ್ಲಿದೆ.

● ಕಿತ್ತೂರಿಗೆ ಸಮೀಪದ, ಧಾರವಾಡ ತಾಲ್ಲೂಕಿನ ಗರಗ ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾದದ್ದು. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಮಾಡಿದ ತಿದ್ದುಪಡಿ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟಿತು. ಕೈಯಿಂದ ನೂತು ನೇಯುವವರಿಗೆ ಇದು ನೇರ ಪೆಟ್ಟು.

● ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಮಗ್ಗದ ಸಪ್ಪಳವಿದೆ. ನೇಕಾರರಿಗೆ ನೂಲಿನ ದರವೂ ಕೈಯಲ್ಲಿಲ್ಲ, ಸೀರೆಯ ದರವೂ ಕೈಯಲ್ಲಿಲ್ಲ. ಎರಡರ ನಡುವೆ ಉಳಿದದ್ದೇ ಕೂಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ತಾಲ್ಲೂಕಿನ ಎಷ್ಟೋ ಮನೆಗಳಿಗೆ ನೀರು ಹೊಕ್ಕಿತು. ಕುಣಿಮಗ್ಗದ ಕುಣಿ ತುಂಬಿದರೆ ಹಾಸು, ನೂಲು, ಮುಂದಿನ ತಿಂಗಳ ದುಡಿಮೆ ಎಲ್ಲವೂ ಹೋದಂತೆ.

● ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ತಾಲ್ಲೂಕು ಕೇಂದ್ರಗಳಿಗೆ ರೈಲಿಲ್ಲ. ಕಿತ್ತೂರಿನ ಮೇಲೆ ಹಾಯುವ ಬೆಳಗಾವಿ–ಧಾರವಾಡ ಹೊಸ ಮಾರ್ಗ ಮಂಜೂರಾಗಿ ವರ್ಷಗಳಾದವು, ಭೂಸ್ವಾಧೀನದ ಗೊಂದಲದಲ್ಲೇ ಕಾಲ ಕಳೆಯಿತು. ರೈಲು ಬರುವವರೆಗೆ ಹತ್ತಿಯ ಬೇಲೂ ಸಕ್ಕರೆಯ ಚೀಲವೂ ಲಾರಿ ಬಾಡಿಗೆ ಕೊಟ್ಟೇ ಊರು ದಾಟಬೇಕು.