ಗೆರೆಯ ಓರೆಯೇ ವೇಗ

ಅಕ್ಕಲಕೋಟೆಯಿಂದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಪಾಳಿಯವರನ್ನು ಒಯ್ಯುವ ಒಂದು ಬಸ್ಸನ್ನು ಕಲ್ಪಿಸಿಕೊಳ್ಳೋಣ. 6 ಗಂಟೆಗೆ ಹೊರಟು, 40 ಕಿ.ಮೀ. ಆಚೆಯ ಸೊಲ್ಲಾಪುರವನ್ನು 7ಕ್ಕೆ ಮುಟ್ಟುತ್ತದೆ. ಕಾಲು ಗಂಟೆ ನಿಲ್ಲುತ್ತದೆ. ಆಮೇಲೆ ಪುಣೆ ಹೆದ್ದಾರಿ. ಲೆಕ್ಕ ಸಲೀಸಾಗಲೆಂದು ಅಲ್ಲಿನ ಓಟವನ್ನು 20 ಕಿ.ಮೀ. ಎನ್ನೋಣ; 7.35ಕ್ಕೆ ಕಾರ್ಖಾನೆಯ ಗೇಟು.

ಚೌಕಳಿ ಹಾಳೆಯಲ್ಲಿ ಅಡ್ಡಕ್ಕೆ ಗಡಿಯಾರ, ಉದ್ದಕ್ಕೆ ಅಕ್ಕಲಕೋಟೆಯಿಂದ ಎಷ್ಟು ದೂರ ಎಂಬುದು. ಮೊದಲ ಗೆರೆ ಓರೆಯಾಗಿ ಏರುತ್ತದೆ, ನಡುವಿನದು ಮಲಗುತ್ತದೆ, ಕೊನೆಯದು ಇನ್ನೂ ಕಡಿದಾಗಿ ಏರುತ್ತದೆ. ಇಲ್ಲೇ ಮಕ್ಕಳು ಎಡವುವುದು: ಮಲಗಿದ ಗೆರೆ ಸಪಾಟು ರಸ್ತೆ, ಏರಿದ್ದು ದಿಣ್ಣೆ ಎಂದುಕೊಳ್ಳುತ್ತಾರೆ. ನಕ್ಷೆ ರಸ್ತೆಯ ಚಿತ್ರವಲ್ಲ. ಮಲಗಿದ ಗೆರೆಯೆಂದರೆ ಬಸ್ಸು ನಿಂತಿದೆ, ಅಷ್ಟೆ.

ಗೆರೆ ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಬಸ್ಸು ಎಲ್ಲಿದೆ ಎಂದು ತಿಳಿಯುತ್ತದೆ. ಎಷ್ಟು ಜೋರಾಗಿ ಓಡುತ್ತಿದೆ ಎಂದು ಹೇಳುವುದು ಅದರ ಓರೆ. ಮೊದಲ ತುಂಡಿನಲ್ಲಿ ಗಂಟೆಗೆ 40 ಕಿ.ಮೀ., ಕೊನೆಯದರಲ್ಲಿ 20 ನಿಮಿಷಕ್ಕೆ 20, ಎಂದರೆ ಗಂಟೆಗೆ 60. ಇಡೀ ಪಯಣದ ಸರಾಸರಿ? 95 ನಿಮಿಷಕ್ಕೆ 60 ಕಿ.ಮೀ.: ಗಂಟೆಗೆ ಸುಮಾರು 38. ಓಡುವಾಗ 40ಕ್ಕಿಂತ ಕಡಿಮೆಗೆ ಇಳಿಯದ ಬಸ್ಸಿನ ಸರಾಸರಿಯನ್ನು ನಿಲ್ದಾಣದ ಆ ಕಾಲು ಗಂಟೆ ನುಂಗಿತು. ಸಂಜೆ ಮರಳುವಾಗ ಗೆರೆ ಕೆಳಗಿಳಿಯುತ್ತದೆ, ವೇಗ ಋಣ. ಆದರೆ ಎಡಕ್ಕೆ ಮಾತ್ರ ಎಂದೂ ತಿರುಗದು. ಹೊತ್ತು ಹಿಂದಕ್ಕೆ ಹೋಗುವುದಿಲ್ಲವಲ್ಲ. ನೆಟ್ಟಗೆ ನಿಂತ ಗೆರೆಯೂ ಇರದು: ಅದನ್ನು ಎಳೆದರೆ ಒಂದೇ ಕ್ಷಣದಲ್ಲಿ ಬಸ್ಸು ಎರಡು ಊರಲ್ಲಿ ಇರಬೇಕಾಗುತ್ತದೆ. ನಿಜವಾದ ಬಸ್ಸು ಇಷ್ಟು ಶಿಸ್ತಿನದಲ್ಲ. ಹೊರಡುವಾಗಲೂ ನಿಲ್ಲುವಾಗಲೂ ಅದರ ಗೆರೆ ಬಾಗುತ್ತದೆ. ಬಾಗಿದಲ್ಲೆಲ್ಲ ವೇಗ ಬದಲಾಗುತ್ತಿದೆ ಎಂದರ್ಥ.

ಇದನ್ನು ಪರೀಕ್ಷೆಯ ಐದು ಅಂಕದ ವಿಷಯವೆಂದು ತಳ್ಳಿಹಾಕಬೇಡಿ. ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1885ರ ತನ್ನ ಪುಸ್ತಕದಲ್ಲಿ ಪ್ಯಾರಿಸ್–ಲಿಯಾನ್ ರೈಲುಗಳ ವೇಳಾಪಟ್ಟಿಯನ್ನು ಇದೇ ಬಗೆಯ ಗೆರೆಗಳಲ್ಲಿ ತೋರಿಸಿದ. ನಮ್ಮ ರೈಲ್ವೆಯ ಕಂಟ್ರೋಲ್ ಕಚೇರಿಗಳು ರೈಲು ಓಡಿಸುವುದೂ ಇಂಥ ಚಾರ್ಟ್ ಮೇಲೆಯೇ. ಹಿಂದೆ ಪೆನ್ಸಿಲ್ಲು, ಈಗ ಕಂಪ್ಯೂಟರು. ಹೋಟಗಿ, ತಿಲಾಟಿ, ಅಕ್ಕಲಕೋಟ ರೋಡ್, ದುಧನಿಯಂಥ ನಿಲ್ದಾಣಗಳನ್ನು ಒಂದರ ಮೇಲೊಂದು ಬರೆದರೆ ಪ್ರತಿ ರೈಲೂ ಒಂದು ಗೆರೆ. ಒಂಟಿ ಹಳಿಯಾದರೆ ಎದುರುಬದುರು ಬರುವ ಎರಡು ಗೆರೆ ನಿಲ್ದಾಣದ ಸಾಲಿನಲ್ಲೇ ಕೂಡಬೇಕು. ನಡುವೆ ಕೂಡಿದರೆ ಡಿಕ್ಕಿ. ಜೋಡಿ ಹಳಿ ಬಂದರೆ ಆ ಕಟ್ಟು ಸಡಿಲುತ್ತದೆ. ಆಗಲೂ ಎಕ್ಸ್‌ಪ್ರೆಸ್ಸಿನ ಕಡಿದಾದ ಗೆರೆ ಗೂಡ್ಸಿನ ಕಡಿಮೆ ಓರೆಯ ಗೆರೆಯನ್ನು ದಾಟಬೇಕಾದರೆ ಗೂಡ್ಸು ಯಾವುದಾದರೂ ನಿಲ್ದಾಣದ ಲೂಪ್ ಹಳಿಯಲ್ಲಿ ಮಲಗಿದ ಗೆರೆಯಾಗಿ ಕಾಯಲೇಬೇಕು.

ಮುಂದಿನ ಸಲ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಕಿಲೋಮೀಟರ್ ಕಲ್ಲು ಬಂದಾಗಲೆಲ್ಲ ಗಡಿಯಾರ ನೋಡಿ ಬರೆದುಕೊಳ್ಳಿ. ಹತ್ತು ಕಲ್ಲು ಸಾಕು, ನಿಮ್ಮದೇ ನಕ್ಷೆ ಸಿದ್ಧ.