ಪ್ರಾಜೆಕ್ಟ್ ಟೀಮ್‌ಗೆ ಫ್ರೆಂಡ್ಸ್ ಆದ್ರೆ ಸಾಲದು, ಬಿಡುವೂ ಕೂಡಿ ಬರಬೇಕು

ಮದ್ದೂರು: ಇಂಜಿನಿಯರಿಂಗ್, ಡಿಪ್ಲೊಮಾ ಕೊನೆ ವರ್ಷಕ್ಕೆ ಬಂದ ಮಕ್ಕಳಿರುವ ಮನೆಯಲ್ಲಿ ಪ್ರಾಜೆಕ್ಟ್ ಮಾತು ಶುರುವಾಗುತ್ತೆ. ಟೀಮ್‌ನಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಿದ್ರೆ, ‘ಫ್ರೆಂಡ್ಸ್ ಎಲ್ಲಾ ಸೇರ್ಕೊಂಡಿದ್ದೀವಿ’ ಅನ್ನೋ ಉತ್ತರವೇ ಹೆಚ್ಚು. ಎಡವಟ್ಟು ಆಗೋದು ಇಲ್ಲೇ.

ಗೆಳೆಯರ ಟೀಮ್‌ನಲ್ಲಿ ಕೆಲಸವೆಲ್ಲ ಒಬ್ಬನ ತಲೆ ಮೇಲೆ ಬಿದ್ದರೂ ಉಳಿದವರನ್ನು ಕೇಳಲು ಸಂಕೋಚ. ಕೊನೆಗೆ ಟೈಮ್ ಸಾಲದೆ ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳುವವರೂ ಇದ್ದಾರೆ. ಮನೆಯ ದುಡ್ಡೂ ಹೋಯ್ತು, ಕಲಿಕೆಯೂ ಹೋಯ್ತು. ನಾಳೆ ಇಂಟರ್‌ವ್ಯೂನಲ್ಲಿ ‘ಇದರಲ್ಲಿ ನೀನೇನು ಮಾಡಿದೆ?’ ಅಂದ್ರೆ ಬಾಯಿ ಕಟ್ಟುತ್ತೆ.

ಹಾಗಾದ್ರೆ ಟೀಮ್ ಹೇಗಿರಬೇಕು?

ಅಮೆರಿಕದ ಬಾರ್ಬರಾ ಓಕ್ಲಿ, ರಿಚರ್ಡ್ ಫೆಲ್ಡರ್ ಮತ್ತು ಸಂಗಡಿಗರು 2004ರಲ್ಲಿ ಈ ಬಗ್ಗೆ ಶಿಕ್ಷಕರಿಗೆಂದೇ ಲೇಖನ ಬರೆದರು. ಟೀಮನ್ನು ಶಿಕ್ಷಕರೇ ರಚಿಸಲಿ, 3-4 ಮಂದಿ ಇರಲಿ, ಓದಿನಲ್ಲಿ ಮುಂದಿರುವವರು, ಹಿಂದಿರುವವರು ಬೆರೆತಿರಲಿ, ತರಗತಿ ಬಿಟ್ಟ ಮೇಲೆ ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಬಿಡುವು ಸಿಗಲಿ ಎಂಬುದು ಅವರ ಸಲಹೆ.

ಕೊನೆಯ ಸಲಹೆ ಮದ್ದೂರಿನವರಿಗೆ ತುಂಬಾ ಮುಖ್ಯ. ಇದು ಬಂಡೀಪುರದ ಕಾಡಂಚಿನ ಊರು. ಮುಂದಿನ ಕೇರಳ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕತ್ತಲಾದರೆ ಆನೆ ಭಯ ಬೇರೆ. ಇಲ್ಲಿಂದ ಗುಂಡ್ಲುಪೇಟೆ ಮೇಲೆ ಚಾಮರಾಜನಗರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿಯನ್ನು, ರಾತ್ರಿ 8ಕ್ಕೆ ಹಾಸ್ಟೆಲ್‌ನಲ್ಲಿ ಕೂರುವ ಟೀಮ್‌ಗೆ ಸೇರಿಸಿದರೆ ಆಕೆ ಹೆಸರಿಗಷ್ಟೇ ಸದಸ್ಯೆ. ಅದೇ ಮಧ್ಯಾಹ್ನ ಒಂದು ಗಂಟೆ ನಿಗದಿ ಮಾಡಿಕೊಂಡರೆ ಅವಳ ಪಾಲಿನ ಕೆಲಸ ಅವಳೇ ಮಾಡುತ್ತಾಳೆ.

ಪಾಲುದಾರಿಕೆ ಅಂಗಡಿಯ ಲೆಕ್ಕ

ಪಾಲಿನಲ್ಲಿ ಅಂಗಡಿ ಇಟ್ಟವರಿಗೆ ಇದು ಗೊತ್ತಿರುವ ವಿಷಯವೇ. ಗಲ್ಲಾ ಯಾರದು, ಮಾಲು ತರುವವರು ಯಾರು ಅಂತ ಮೊದಲೇ ಮಾತಾಗದಿದ್ದರೆ ಸ್ನೇಹವೂ ಮುರಿಯುತ್ತೆ. ಟೀಮೂ ಹಾಗೇ. ಯಾರು ಏನು ಮಾಡಬೇಕು, ಯಾವ ದಿನ ಮುಗಿಸಬೇಕು ಅಂತ ಬರೆದು ಎಲ್ಲರೂ ಸಹಿ ಹಾಕಲಿ. ಕೆಲಸ ಮಾಡದವರ ಬಗ್ಗೆ ಗೈಡ್‌ಗೆ ತಡಮಾಡದೆ ತಿಳಿಸಲಿ.

ಖರ್ಚಿನ ಚಿಂತೆಗೂ ದಾರಿಯಿದೆ. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಆಯ್ಕೆಯಾದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು.

ಪೋಷಕರು ದುಡ್ಡು ಕೊಡುವ ಮುನ್ನ ಮಕ್ಕಳನ್ನು ಮೂರು ಮಾತು ಕೇಳಿ: ವಾರದಲ್ಲಿ ಯಾವಾಗ ಸೇರ್ತೀರಿ? ನಿನ್ನ ಪಾಲಿನ ಕೆಲಸ ಏನು? ಗೈಡ್ ಕೊನೆಯ ಸಲ ನೋಡಿದ್ದು ಯಾವತ್ತು?