ಅಪೂರ್ಣವಾದ ಸಂಗೀತ ಕ್ರಮವಿಧಿಯನ್ನು ಹೊರತರಬಹುದೆ?

ಹಳೆಯ ಗೃಹಗಣಕವೊಂದಕ್ಕೆಂದು ಸ್ವರಗಳನ್ನು ನುಡಿಸುವ ಪ್ರೋಗ್ರಾಮನ್ನು, ಎಂದರೆ ಕ್ರಮವಿಧಿಯನ್ನು, ಒಬ್ಬರು ಬರೆಯತೊಡಗಿ ಅರ್ಧಕ್ಕೆ ನಿಲ್ಲಿಸಿದ್ದಾರೆಂದು ಭಾವಿಸೋಣ. ಅದನ್ನು ಇದ್ದ ಸ್ಥಿತಿಯಲ್ಲಿಯೇ ಇತರರಿಗೆ ಒಪ್ಪಿಸುವುದು ಉಚಿತವೆ, ಪೂರ್ಣವಾಗುವವರೆಗೆ ತಡೆಹಿಡಿಯುವುದು ಉಚಿತವೆ? ಯಂತ್ರದ ಸ್ವಭಾವವನ್ನೂ ನಮ್ಮ ಸಂಗೀತದ ಸ್ವಭಾವವನ್ನೂ ಅರಿತಲ್ಲದೆ ಇದಕ್ಕೆ ಉತ್ತರ ದೊರೆಯದು.

ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದ ಬಿಬಿಸಿ ಮೈಕ್ರೋ ಗಣಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1984-85ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ಭಾರತದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಇದರ ಧ್ವನಿಚಿಪ್ಪು ಏಕಕಾಲದಲ್ಲಿ ಮೂರು ಸ್ವರಗಳನ್ನು ನುಡಿಸಬಲ್ಲದು. ನಾವು ಒಂದು ಸಂಖ್ಯೆಯನ್ನು ಕೊಟ್ಟರೆ, 1,25,000ವನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಬರುವಷ್ಟು ಕಂಪನಗಳು ಸೆಕೆಂಡಿಗೆ ಉಂಟಾಗುತ್ತವೆ. ಸಂಖ್ಯೆ ಕಿರಿದಾದಂತೆ ಸ್ವರ ಏರುವುದು. ತಂತಿಯ ಉದ್ದ ಕುಗ್ಗಿದಂತೆ ಸ್ವರ ಏರುವ ನಿಯಮವೂ ಇದೇ.

ಷಡ್ಜಕ್ಕೆ 480 ಎಂದಿಟ್ಟುಕೊಂಡರೆ, ಭೈರವ ರಾಗದ ಕೋಮಲ ರಿಷಭಕ್ಕೆ 450, ಗಾಂಧಾರಕ್ಕೆ 384, ಮಧ್ಯಮಕ್ಕೆ 360, ಪಂಚಮಕ್ಕೆ 320, ಕೋಮಲ ಧೈವತಕ್ಕೆ 300, ನಿಷಾದಕ್ಕೆ 256, ತಾರ ಷಡ್ಜಕ್ಕೆ 240. ಕರ್ನಾಟಕ ಸಂಗೀತದ ಮಾಯಾಮಾಳವಗೌಳಕ್ಕೂ ಇವೇ ಸ್ವರಸ್ಥಾನಗಳು. ಎಲ್ಲಿಯೂ ಭಿನ್ನರಾಶಿಯಿಲ್ಲ, ಸ್ವರಗಳ ಸಹಜ ಪ್ರಮಾಣಗಳು ಲೋಪವಿಲ್ಲದೆ ದೊರೆಯುತ್ತವೆ.

ಆದರೆ ಆ ಗಣಕದ ಬೇಸಿಕ್ ಭಾಷೆಯಲ್ಲಿರುವ 'ಸೌಂಡ್' ಎಂಬ ಆಜ್ಞೆಯನ್ನೇ ನೆಚ್ಚಿದರೆ ಈ ಲಾಭವಿಲ್ಲ. ಅದು ಒಂದು ಸಪ್ತಕವನ್ನು 48 ಸಮಭಾಗಗಳನ್ನಾಗಿ ಮಾಡುತ್ತದೆ. ಸಪ್ತಕವನ್ನು 1200 ಸೆಂಟುಗಳೆಂದು ಗಣಿಸಿದರೆ ಒಂದೊಂದು ಮೆಟ್ಟಿಲು 25 ಸೆಂಟು. ಸಹಜ ಗಾಂಧಾರದ ಸ್ಥಾನ ಸುಮಾರು 386. ಅದಕ್ಕೆ ಅತಿ ಸಮೀಪದ ಮೆಟ್ಟಿಲು 375. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಈ ಇಳಿತ ತಿಳಿಯದಿರದು. ಆದುದರಿಂದ ಕ್ರಮವಿಧಿಯು ಚಿಪ್ಪಿಗೇ ನೇರವಾಗಿ ಸಂಖ್ಯೆಗಳನ್ನು ಕಳುಹಿಸಬೇಕಾಗುತ್ತದೆ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಭೈರವದ ರಿಷಭವು ನಿಂತ ಸ್ವರವಲ್ಲ, ಆಂದೋಲಿತ ಸ್ವರ. ಸಂಖ್ಯೆಯನ್ನು ಒಂದೊಂದಾಗಿ ಇಳಿಸಿ ಮೀಂಡನ್ನು ಅನುಕರಿಸಬಹುದು. ಆದರೆ 480ರ ಬಳಿ 3.6 ಸೆಂಟಿನಷ್ಟಿರುವ ಹೆಜ್ಜೆ 240ರ ಬಳಿ 7.2 ಆಗುತ್ತದೆ. ಇನ್ನೊಂದು ಮಿತಿಯೆಂದರೆ, ಚಿಪ್ಪು ಸ್ವೀಕರಿಸುವ ಅತಿ ದೊಡ್ಡ ಸಂಖ್ಯೆ 1023; ಎಂದರೆ ಸೆಕೆಂಡಿಗೆ ಸುಮಾರು 122 ಕಂಪನಗಳಿಗಿಂತ ಕೆಳಗೆ ಅದು ಇಳಿಯದು. ಗಂಡುದನಿಗೆ ಒಪ್ಪುವಂತೆ 960ನ್ನು ಷಡ್ಜವಾಗಿರಿಸಿದರೆ ಮಂದ್ರಸಪ್ತಕದ ಬಹುಭಾಗವೇ ಇಲ್ಲವಾಗುತ್ತದೆ.

ಇಂತಹ ಸಾಧನವನ್ನು ನಿರುಪಯುಕ್ತವೆಂದು ತಳ್ಳಬಹುದೆ? ಮೀಂಡು ಬಾರದೆಂಬ ಆಕ್ಷೇಪಕ್ಕೆ ಗುರಿಯಾಗಿ ಹಾರ್ಮೋನಿಯಂ 1940ರಲ್ಲಿ ಅಖಿಲ ಭಾರತ ರೇಡಿಯೋದಿಂದ ಬಹಿಷ್ಕೃತವಾಯಿತು. ಆದರೂ ಯಾದಗಿರಿ, ಶಹಾಪುರ, ಸುರಪುರಗಳ ಭಜನೆಗಳಲ್ಲಿ ಹಾಡುವವರಿಗೆ ಆಧಾರವಾಗಿರುವುದು ಆ ವಾದ್ಯವೇ. ಅದರ ಕೊರತೆಯನ್ನು ಕಂಠವು ತುಂಬುತ್ತದೆ. ಕೊರತೆ ಯಾವುದೆಂದು ಹಾಡುವವನಿಗೆ ಗೊತ್ತಿರುವುದರಿಂದಲೇ ಅದು ಸಾಧ್ಯವಾಗುತ್ತದೆ.

ಅಪೂರ್ಣ ಕ್ರಮವಿಧಿಗೂ ಇದೇ ನ್ಯಾಯ. ಕ್ಯಾಸೆಟ್ಟು, ಫ್ಲಾಪಿಗಳ ಕಾಂತಲೇಪವು ಕಾಲಕ್ರಮದಲ್ಲಿ ಕೆಡುವಂಥದು. ತಡೆಹಿಡಿದ ಕೃತಿ ಪೂರ್ಣವಾಗುವ ಮೊದಲೇ ನಷ್ಟವಾಗಬಹುದು. ಆದುದರಿಂದ ಅದನ್ನು ಹೊರತರುವುದೇ ಮೇಲೆಂದು ನಾವು ಭಾವಿಸುತ್ತೇವೆ. ಆದರೆ ಮೂಲಬರಹವನ್ನೂ ಸ್ವರಸಂಖ್ಯೆಗಳ ಪಟ್ಟಿಯನ್ನೂ ಜೊತೆಗಿರಿಸಿ, ಸಿದ್ಧವಾದುದು ಯಾವುದು, ಆಗದಿರುವುದು ಯಾವುದು ಎಂಬುದನ್ನು ಮೊದಲ ಪುಟದಲ್ಲಿಯೇ ತಿಳಿಸಬೇಕು. ಹಾಗೆ ತಿಳಿಸದಿದ್ದರೆ, ಯಂತ್ರದ ಆಂದೋಲನವಿಲ್ಲದ ರಿಷಭವನ್ನೇ ವಿದ್ಯಾರ್ಥಿಯು ಭೈರವದ ರಿಷಭವೆಂದು ಕಲಿತಾನು. ಒಮ್ಮೆ ಕಿವಿಯಲ್ಲಿ ನೆಲೆಸಿದ ಸ್ವರವನ್ನು ತಿದ್ದುವುದು ಕ್ರಮವಿಧಿಯನ್ನು ತಿದ್ದುವಷ್ಟು ಸುಲಭವಲ್ಲ.